ಅಟ್ಟದ ಕೋವಿಯ ಚರಿತ್ರೆ



ನಾವು ಕೋವಿ ಎನ್ನುವುದನ್ನು ಕಾಸರಗೋಡಿನ ಮಲೆಯಾಳಿ ನೆರೆಯವರು ತೋಕ್ಕ್ ಎನ್ನುತ್ತಾರೆ. ತುಳುವಿನಲ್ಲಿ ಅದು ಬೆಡಿ. ತಾಳವಾಡಿಯ ತಮಿಳರಿಗೆ ತುಪ್ಪಾಕ್ಕಿ, ಮಡಕಶಿರಾದ ತೆಲುಗರಿಗೆ ತುಪಾಕಿ, ಜತ್ತದ ಮರಾಠಿಗರಿಗೆ ಬಂದೂಕ. ಹೆಸರು ಹಲವು. ಆದರೆ ಅದನ್ನು ಹೇಗೆ ತುಂಬಬೇಕು, ಮನೆಯಲ್ಲಿ ಎಲ್ಲಿ ಇಡಬೇಕು ಎಂಬ ಚಿಂತೆ ಎಲ್ಲ ಕಡೆಯೂ ಒಂದೇ. ಆ ಚಿಂತೆಗೂ ಒಂದು ಚರಿತ್ರೆ ಇದೆ.

ಮೊದಲು ನಮ್ಮ ಹಿರಿಯರ ಕೇಪಿನ ಕೋವಿ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ನಾರು ತುರುಕಿ, ಗಜದಿಂದ ಗಿಡಿದು, ಚರೆ ಹಾಕಿ, ಮತ್ತೆ ನಾರು ತುರುಕಬೇಕು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದರೆ ಆ ಕರಿಮದ್ದು. ಒಮ್ಮೆ ತುಂಬಿದ ಮೇಲೆ ಹೊರಗೆ ತೆಗೆಯುವುದು ಸುಲಭವಲ್ಲ. ಹಾಗಾಗಿ ಈಡು ತುಂಬಿದ್ದಂತೆಯೇ ಗೋಡೆಗೆ ನೇತುಹಾಕುವ ಅಭ್ಯಾಸ ಬೆಳೆಯಿತು. ಕೇಪು ತೆಗೆದಿಟ್ಟರೆ ಸಾಕು ಎಂಬ ನಂಬಿಕೆ. ಆ ನಂಬಿಕೆಗೆ ಬಲಿಯಾದವರು ಹೆಚ್ಚಾಗಿ ಮನೆಯ ಮಕ್ಕಳೇ.

1857ರಲ್ಲಿ ಕಂಪನಿ ಸರ್ಕಾರ, ಆಯುಧ ಇಟ್ಟುಕೊಳ್ಳುವವರು ಅನುಮತಿ ಪಡೆಯಬೇಕೆಂಬ ಕಾನೂನು ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದಕ್ಕೆ ಒಪ್ಪಲಿಲ್ಲ. ಬೇಟೆಯೂ ಕಾವಲೂ ಅವರ ಬದುಕು. ಆಯುಧ ಬಿಟ್ಟರೆ ಮಾನ ಬಿಟ್ಟಂತೆ. ಆ ವರ್ಷದ ನವೆಂಬರಿನಲ್ಲಿ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಹಲವರು ಸತ್ತರು, ಸೆರೆಸಿಕ್ಕವರಲ್ಲಿ ಕೆಲವರನ್ನು ನೇಣಿಗೆ ಹಾಕಿದರು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳು ಲಾವಣಿಯಲ್ಲಿ ಉಳಿದವು. ಕೊಡಗಿನಲ್ಲಿ ಇದಕ್ಕೆ ತದ್ವಿರುದ್ಧ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟನು. ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವುದು ವಯನಾಡಿನ ಗಡಿಯವರಿಗೆ ಗೊತ್ತೇ ಇದೆ.

ಲಾರ್ಡ್ ಲಿಟ್ಟನ್ ಕಾಲದ 1878ರ ಕಾನೂನು ಭಾರತೀಯರಿಗೆ ಲೈಸೆನ್ಸಿನ ಕಟ್ಟು ಹಾಕಿ ಯುರೋಪಿಯನ್ನರನ್ನು ಬಿಟ್ಟುಬಿಟ್ಟಿತು. ಈ ಭೇದ ನಮ್ಮವರನ್ನು ಚುಚ್ಚಿತು. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಕ್ಕೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಸೇರಿತ್ತು. ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆ 1962ರಲ್ಲಿ ಜಾರಿಗೆ ಬಂತು. ಬೆಳೆ ಕಾಯಲು ಕೇಪಿನ ಕೋವಿ, ಆತ್ಮರಕ್ಷಣೆಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ಚರೆಕೋವಿ, ಇವಕ್ಕೆ ಅದರಲ್ಲಿ ಅವಕಾಶವಿದೆ.

ಈ ನಡುವೆ ಕೋವಿಯೇ ಬದಲಾಗಿತ್ತು. ಹಿಂಬದಿಯಲ್ಲಿ ಮಡಚಿ ತೋಟೆ ಹಾಕುವ ಜೋಡುನಳಿಗೆ ಬಂತು. ಅದನ್ನು ಮಡಚಿ ಬೆಳಕಿಗೆ ಹಿಡಿದರೆ ಸಾಕು, ಖಾಲಿಯೋ ಅಲ್ಲವೋ ಕಣ್ಣಿಗೆ ಕಾಣುತ್ತದೆ. 12 ಬೋರ್ ಎಂದರೆ ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಗುಂಡು ಮಾಡಿದರೆ ಅದರಲ್ಲಿ ಒಂದು ಹಿಡಿಸುವ ನಳಿಗೆ. 20 ಬೋರಿನ ತೋಟೆ ಅದಕ್ಕಿಂತ ಸಣ್ಣದು. ತಪ್ಪಿ 12ರ ಕೋವಿಗೆ ಹಾಕಿದರೆ ಒಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು ತುಂಬಿ ಹೊಡೆದರೆ ನಳಿಗೆಯೇ ಸಿಡಿಯುತ್ತದೆ. ಆದ್ದರಿಂದ ಎರಡು ಬಗೆಯ ತೋಟೆ ಒಂದೇ ಚೀಲದಲ್ಲಿ ಬೇಡ.

ಆಮೇಲೆ ಬಂದದ್ದು ಅರೆಸ್ವಯಂಚಾಲಿತ ಕೋವಿ. ಅಮೆರಿಕದ ಜಾನ್ ಬ್ರೌನಿಂಗ್ ಸುಮಾರು 1900ರಲ್ಲಿ ಇದನ್ನು ರೂಪಿಸಿದ, ಬೆಲ್ಜಿಯಮ್ಮಿನಲ್ಲಿ ತಯಾರಾಯಿತು. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟೆಗಳು ಸಾಲಾಗಿ ಕೂರುತ್ತವೆ. ಒಂದು ಈಡು ಹಾರಿದ ರಭಸಕ್ಕೇ ಮುಂದಿನ ತೋಟೆ ನಳಿಗೆಯ ಬುಡಕ್ಕೆ ಬರುತ್ತದೆ. ಅನುಕೂಲವೂ ಅಪಾಯವೂ ಇಲ್ಲೇ ಇವೆ. ಕೊಳವೆ ಖಾಲಿಯಾದರೂ ಬುಡದಲ್ಲಿ ಒಂದು ಉಳಿದಿರಬಹುದು. ಬುಡದ್ದನ್ನು ತೆಗೆದರೆ ಕೊಳವೆಯದು ಅಲ್ಲಿಗೆ ಬರಬಹುದು. ಆದ್ದರಿಂದ ಬಾಯಿಯನ್ನು ಜನರಿಲ್ಲದ ಕಡೆ ತಿರುಗಿಸಿ, ಬೆರಳನ್ನು ಕುದುರೆಯಿಂದ ದೂರವಿಟ್ಟು, ಎರಡೂ ಜಾಗವನ್ನು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಚಿತ ಮಾಡಿಕೊಳ್ಳಿ. ಸೇಫ್ಟಿ ಗುಂಡಿ ಒಂದನ್ನೇ ನಂಬಬೇಡಿ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಅಲ್ಲಿ ತಿಜೋರಿಗೆ ಎರಡು ಕೀಲಿಕೈ, ಇಬ್ಬರ ಬಳಿ. ಯಾರ ಮೇಲೂ ಅನುಮಾನದಿಂದಲ್ಲ, ಒಬ್ಬನ ಮರೆವು ಎಲ್ಲರ ನಷ್ಟವಾಗಬಾರದೆಂದು. ಕೋವಿಗೂ ಇದೇ ನ್ಯಾಯ. ಕೋವಿ ಖಾಲಿ ಮಾಡಿ ಒಂದು ಬೀಗದಲ್ಲಿ, ತೋಟೆ ಒಣಗಿದ ಜಾಗದಲ್ಲಿ ಇನ್ನೊಂದು ಬೀಗದಲ್ಲಿ. ನಮ್ಮ ಮಳೆಗಾಲಕ್ಕೆ ನಳಿಗೆ ತುಕ್ಕು ಹಿಡಿಯುತ್ತದೆ. ಒರೆಸಿ ಎಣ್ಣೆ ಹಚ್ಚಿಡಿ. 2016ರ ನಿಯಮಗಳ ಪ್ರಕಾರ, ಭದ್ರವಾಗಿ ಇಡುತ್ತೇನೆಂದು ಮುಚ್ಚಳಿಕೆ ಬರೆದುಕೊಡಬೇಕು. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಐದು ವರ್ಷ. ಮದುವೆ, ಹಬ್ಬದಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆಯೂ ಆಗಬಹುದು. ಲೈಸೆನ್ಸಿನ ಯಜಮಾನ ತೀರಿಹೋದರೆ ಕೋವಿಯನ್ನು ಅಟ್ಟದಲ್ಲಿ ಬಿಡದೆ ತಡಮಾಡದೆ ಠಾಣೆಗೋ ಲೈಸೆನ್ಸುಳ್ಳ ವ್ಯಾಪಾರಿಗೋ ಒಪ್ಪಿಸಿ, ರಸೀದಿ ತೆಗೆದುಕೊಳ್ಳಿ.

ಹಲಗಲಿಯವರು ಆಯುಧಕ್ಕಾಗಿ ಪ್ರಾಣ ಕೊಟ್ಟರು. ಕಾಯುವುದಕ್ಕೆಂದು ಇಟ್ಟ ಕೋವಿ ನಮ್ಮ ಮನೆಯ ಮಗುವಿನ ಪ್ರಾಣ ತೆಗೆಯದಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ. ಇವತ್ತು ರಾತ್ರಿಯೇ ಒಮ್ಮೆ ನಿಮ್ಮ ಅಟ್ಟ ನೋಡಿ.