ರಸೀದಿಯ ಲೆಕ್ಕ, ಹೊಗೆಯ ಲೆಕ್ಕ: ಹೊಗೆಮುಕ್ತ ನೀತಿಯ ಮೌಲ್ಯಮಾಪನವನ್ನು ಕುರಿತು

ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿದ್ದು 2003ರ ತಂಬಾಕು ಉತ್ಪನ್ನಗಳ ನಿಯಂತ್ರಣ ಕಾಯ್ದೆಯಾದ ಕೋಟ್ಪಾದ 4ನೆಯ ಸೆಕ್ಷನ್. 2008ರ ಅಕ್ಟೋಬರ್ 2ರಂದು ಜಾರಿಗೆ ಬಂದ ಪರಿಷ್ಕೃತ ನಿಯಮಗಳು ಕೆಲಸದ ಸ್ಥಳಗಳನ್ನೂ ಸ್ಪಷ್ಟವಾಗಿ ಒಳಗೊಂಡವು. ಇಂಥ ನೀತಿಯ ಯಶಸ್ಸನ್ನು ದಾಳಿ, ದಂಡ, ಫಲಕಗಳ ಸಂಖ್ಯೆಯಿಂದ ಅಳೆಯುವುದು ಸುಲಭ. ಆದರೆ ದಂಡದ ಮೊತ್ತ ಇಳಿದರೆ ಜನ ಕಾನೂನು ಪಾಲಿಸುತ್ತಿದ್ದಾರೆಂದೂ ಹೇಳಬಹುದು, ತಪಾಸಣೆಯೇ ನಿಂತಿದೆಯೆಂದೂ ಹೇಳಬಹುದು. ಹೀಗೆ ಎರಡು ವಿರುದ್ಧ ಅರ್ಥಗಳಿಗೆ ಎಡೆಗೊಡುವ ಅಂಕಿ ಅಳತೆಗೋಲಾಗಲಾರದು. ಅಳೆಯಬೇಕಾದದ್ದು ಸೇದದವರು ಉಸಿರಾಡುವ ಹೊಗೆಯನ್ನು.

ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಭಾರತದ ಎರಡು ಸುತ್ತುಗಳನ್ನು ಹೋಲಿಸಿದರೆ ಈ ಮಾತಿನ ತೂಕ ತಿಳಿಯುತ್ತದೆ. 2009-10ರಲ್ಲಿ ವಯಸ್ಕರಲ್ಲಿ ಶೇ. 52.3ರಷ್ಟು ಮಂದಿ ಮನೆಯಲ್ಲಿ ಪರೋಕ್ಷ ಧೂಮಪಾನಕ್ಕೆ ಒಳಗಾಗುತ್ತಿದ್ದರು. 2016-17ರಲ್ಲಿ ಆ ಪ್ರಮಾಣ ಶೇ. 38.7ಕ್ಕೆ ಇಳಿಯಿತು. ಒಳಾಂಗಣದಲ್ಲಿ ದುಡಿಯುವವರ ಕೆಲಸದ ಸ್ಥಳದಲ್ಲಾದರೋ ಅದು ಶೇ. 29.9 ಇದ್ದದ್ದು 30.2 ಆಯಿತು. ಕಾನೂನು ಕಾಲಿಡದ ಮನೆಯಲ್ಲಿ ಹೊಗೆ ತಗ್ಗಿತು, ಕಾನೂನು ಇರುವ ಕಡೆ ಕದಲಲಿಲ್ಲ.

ಧೂಮಪಾನಿಗಳೇ ಶೇ. 14ರಿಂದ 10.7ಕ್ಕೆ ಇಳಿದದ್ದರಿಂದ ಮನೆಯ ಹೊಗೆಯೂ ಇಳಿದಿದೆ, ಅದರಲ್ಲಿ ವಿಶೇಷವೇನು ಎಂದು ಆಕ್ಷೇಪಿಸಬಹುದು. ಅದೊಂದೇ ಕಾರಣವಾಗಿದ್ದರೆ ಕೆಲಸದ ಸ್ಥಳದಲ್ಲೂ ಇಳಿಕೆ ಕಾಣಬೇಕಿತ್ತು. ಅರಿವು ಹೆಚ್ಚಿದಂತೆ ದೂರುವವರೂ ಹೆಚ್ಚುತ್ತಾರೆ, ಬಾಯಿಮಾತಿನ ಉತ್ತರವನ್ನು ನೆಚ್ಚಲಾಗದು ಎಂಬ ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಎರಡು ಸುತ್ತಿನ ಸಮೀಕ್ಷೆ ಕಾರ್ಯಕಾರಣವನ್ನು ಸಾಬೀತುಪಡಿಸುವುದಿಲ್ಲ ಎಂಬುದೂ ನಿಜವೇ. ಆದರೆ ಇವೆರಡೂ ದಂಡದ ರಸೀದಿಗಳ ಎಣಿಕೆಯನ್ನು ಸಮರ್ಥಿಸುವುದಿಲ್ಲ. ಗಾಳಿಯಲ್ಲಿನ ನಿಕೋಟಿನ್, ಸೇದದ ನೌಕರರ ಮೂತ್ರದಲ್ಲಿ ಕಾಣುವ ನಿಕೋಟಿನ್‌ನ ಕುರುಹಾದ ಕೊಟಿನಿನ್ ಪರೀಕ್ಷೆಯಂಥ ನೇರ ಅಳತೆಗಳನ್ನೂ, ತಂಬಾಕು ನಿಯಂತ್ರಣ ಕಾರ್ಯಕ್ರಮ ಇನ್ನೂ ತಲುಪದ ತಾಲ್ಲೂಕುಗಳೊಡನೆ ಹೋಲಿಕೆಯನ್ನೂ ಬೇಡುತ್ತವೆ. ಮೂವತ್ತು ಕೋಣೆಗಳಿರುವ ಹೋಟೆಲು, ಮೂವತ್ತು ಇಲ್ಲವೆ ಹೆಚ್ಚು ಆಸನಗಳಿರುವ ಉಪಾಹಾರಗೃಹಗಳಿಗೆ ಪ್ರತ್ಯೇಕ ಧೂಮಪಾನ ಕೋಣೆಯ ಅವಕಾಶವನ್ನು ಕಾಯ್ದೆಯೇ ಕೊಟ್ಟಿರುವಾಗ, ಅಂಥ ಕಡೆ ದುಡಿಯುವವರ ಉಸಿರಿನ ಲೆಕ್ಕ ರಸೀದಿ ಪುಸ್ತಕದಲ್ಲಿ ಎಂದೂ ಸಿಗುವುದಿಲ್ಲ.

ಕರ್ನಾಟಕಕ್ಕೆ ಇದು ಈಗ ತುರ್ತಿನ ಪ್ರಶ್ನೆ. 2025ರ ಮೇ ತಿಂಗಳಲ್ಲಿ ಪ್ರಕಟವಾದ ರಾಜ್ಯ ತಿದ್ದುಪಡಿ ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿದೆ, ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಹೆಚ್ಚಿಸಿದೆ. ದಂಡ ಐದು ಪಟ್ಟಾದರೆ ವಸೂಲಿಯ ಮೊತ್ತ ತಾನಾಗಿಯೇ ಉಬ್ಬೀತು. ಅದನ್ನು ಯಶಸ್ಸೆಂದು ಬರೆದುಕೊಳ್ಳುವ ಮುನ್ನ ಹೋಟೆಲು, ಗೋದಾಮು, ಕಚೇರಿಗಳ ಗಾಳಿಯನ್ನು ಒಮ್ಮೆ ಅಳೆದಿಡುವುದು ಮೌಲ್ಯಮಾಪನ ಮಾಡುವವರ ಮೊದಲ ಕರ್ತವ್ಯ.