ಡಿಜಿಟಲ್ ಚಿತ್ರಕಲೆಯಲ್ಲಿ ಬ್ರಷ್

ಕಂಪ್ಯೂಟರ್ ಅಥವಾ ಟ್ಯಾಬ್ಲೆಟ್ ಪರದೆಯ ಮೇಲೆ ಬಣ್ಣ ಹಚ್ಚಲು, ಹಚ್ಚಿದ್ದನ್ನು ಬೆರೆಸಲು, ಅಳಿಸಲು ಬಳಸುವ ತಂತ್ರಾಂಶದ ಸಾಧನ. ಬಣ್ಣದ ಗುರುತು ಯಾವ ಆಕಾರದಲ್ಲಿ, ಎಷ್ಟು ಅಂತರಕ್ಕೊಮ್ಮೆ, ಎಷ್ಟು ಗಾಢವಾಗಿ ಬೀಳಬೇಕು, ಕೈಯ ಒತ್ತಡಕ್ಕೆ ಹೇಗೆ ಬದಲಾಗಬೇಕು ಎಂಬ ನಿಯಮಗಳ ಗುಂಪೇ ಇಲ್ಲಿ ಬ್ರಷ್. ಆದ್ದರಿಂದ ಪಟ್ಟಿಯಲ್ಲಿ ಕಾಣುವ ಚಿಕ್ಕ ಚಿತ್ರ ನೋಡಿ ಬ್ರಷ್ ಆರಿಸಿದರೆ ಸಾಲದು. ಅದರ ನಿಯಮಗಳನ್ನು ತಿಳಿದಿರಬೇಕು.

ರಿಚರ್ಡ್ ಶೂಪ್ 1973ರಲ್ಲಿ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದ ಸೂಪರ್‌ಪೇಂಟ್ ಈ ಬಗೆಯ ಮೊದಲ ವ್ಯವಸ್ಥೆಗಳಲ್ಲಿ ಒಂದು. ಫೋಟೋಶಾಪ್ 1990ರಲ್ಲಿ ಬಂತು. ಮರುವರ್ಷ ಬಂದ ಪೇಂಟರ್, ಇದ್ದಿಲು, ತೈಲವರ್ಣ, ಜಲವರ್ಣಗಳ ಗುಣವನ್ನು ಪರದೆಗೆ ತರುವುದನ್ನೇ ಗುರಿಯಾಗಿಸಿಕೊಂಡಿತು. ಉಚಿತವಾಗಿ ಸಿಗುವ ಕ್ರಿಟಾ 2005ರಿಂದ ಬಳಕೆಯಲ್ಲಿದೆ.

ಪರದೆಯ ಮೇಲಿನ ಗೆರೆ ಅಖಂಡವಾಗಿ ಕಂಡರೂ ಸಾಮಾನ್ಯವಾಗಿ ಅದು ಒಂದೇ ಅಚ್ಚನ್ನು ಮತ್ತೆ ಮತ್ತೆ ಒತ್ತಿದ ಸಾಲು. ಎರಡು ಅಚ್ಚುಗಳ ನಡುವಿನ ಅಂತರಕ್ಕೆ ಸ್ಪೇಸಿಂಗ್ ಎಂದು ಹೆಸರು. ಅದನ್ನು ಅಚ್ಚಿನ ಅಗಲದ ಶೇಕಡಾವಾರಿನಲ್ಲಿ ಅಳೆಯುತ್ತಾರೆ. ಶೇ 100 ಇಟ್ಟರೆ ಗುಂಡು ಬ್ರಷ್‌ನ ಚುಕ್ಕೆಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ, ಅದಕ್ಕೂ ಹೆಚ್ಚಿಸಿದರೆ ಬಿಡಿಬಿಡಿಯಾಗುತ್ತವೆ. ಅಂತರ ತೀರಾ ಕಡಿಮೆಯಾದರೆ ಗೆರೆ ನುಣುಪಾಗುತ್ತದೆ, ಆದರೆ ಯಂತ್ರದ ಕೆಲಸ ಹೆಚ್ಚಿ ಗೆರೆ ಪೆನ್ನಿನ ಹಿಂದೆ ತಡವಾಗಿ ಬರುತ್ತದೆ. ದೊಡ್ಡ ಬ್ರಷ್ ತಡವರಿಸಿದರೆ ಮೊದಲು ನೋಡಬೇಕಾದದ್ದು ಇದನ್ನೇ.

ಓಪ್ಯಾಸಿಟಿ ಮತ್ತು ಫ್ಲೋ ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಫೋಟೋಶಾಪ್‌ನಲ್ಲಿ ಓಪ್ಯಾಸಿಟಿ ಶೇ 50 ಇದ್ದರೆ, ಪೆನ್ ಎತ್ತದೆ ಅದೇ ಜಾಗದ ಮೇಲೆ ಎಷ್ಟು ಸಲ ಓಡಾಡಿದರೂ ಬಣ್ಣ ಅರ್ಧಕ್ಕಿಂತ ಗಾಢವಾಗದು; ಪೆನ್ ಎತ್ತಿ ಮತ್ತೆ ಹಚ್ಚಿದಾಗಲೇ ಎರಡನೆಯ ಪದರ ಕೂಡುತ್ತದೆ. ಫ್ಲೋ ಪ್ರತಿ ಅಚ್ಚು ಬಿಡುವ ಬಣ್ಣದ ಪ್ರಮಾಣ. ಅದನ್ನು ಇಳಿಸಿದರೆ, ಪೆನ್ ಎತ್ತದೆ ತಿದ್ದುತ್ತಿದ್ದ ಹಾಗೆ ಬಣ್ಣ ಶೇಖರವಾಗುತ್ತ ಓಪ್ಯಾಸಿಟಿಯ ಮಿತಿಯವರೆಗೆ ಏರುತ್ತದೆ. ಸಮತಟ್ಟಾದ ನೆರಳು ಬೇಕಾದಾಗ ಮೊದಲನೆಯದು, ಕೆನ್ನೆಯ ಕೆಂಪಿನಂತೆ ಮೆಲ್ಲಗೆ ಏರುವ ಬಣ್ಣಕ್ಕೆ ಎರಡನೆಯದು ಅನುಕೂಲ.

ವ್ಯಾಕಾಮ್‌ನ ಪ್ರೊ ಪೆನ್ 2 ಒತ್ತಡವನ್ನು 8,192 ಹಂತಗಳಲ್ಲಿ ಗುರುತಿಸುತ್ತದೆ. ಅಷ್ಟು ಹಂತಗಳಿಗಿಂತ ಮುಖ್ಯವಾದದ್ದು, ಕೈಯ ಎಷ್ಟು ಒತ್ತಡಕ್ಕೆ ಗೆರೆ ಎಷ್ಟು ಬದಲಾಗಬೇಕೆಂದು ಹೇಳುವ ಒತ್ತಡದ ವಕ್ರರೇಖೆ. ಕೈ ಭಾರವಿರುವವರು ಅದನ್ನು ತಮ್ಮ ಕೈಗೆ ಹೊಂದಿಸಿಕೊಳ್ಳದಿದ್ದರೆ ಯಾವ ಬ್ರಷ್ ಹಿಡಿದರೂ ಗೆರೆ ದಪ್ಪವೇ. ರೇಖಾಚಿತ್ರಕ್ಕೆ ಒತ್ತಡವನ್ನು ಗಾತ್ರಕ್ಕೆ, ವರ್ಣಚಿತ್ರಕ್ಕೆ ಗಾಢತೆಗೆ ಜೋಡಿಸುವುದು ವಾಡಿಕೆ. ಎರಡನ್ನೂ ಒಟ್ಟಿಗೆ ಜೋಡಿಸಿದ ಬ್ರಷ್ ಕಲಿಯುವವರ ಹಿಡಿತಕ್ಕೆ ಸುಲಭವಾಗಿ ಸಿಗುವುದಿಲ್ಲ.

ಆಯ್ಕೆಯ ತಿರುಳು ಇರುವುದು ಅಂಚಿನಲ್ಲಿ. ಚೆಂಡಿನ ಮೈಯಲ್ಲಿ ಬೆಳಕು ನೆರಳಿಗೆ ತಿರುಗುವ ಗಡಿ ಮೃದು. ಅದೇ ಚೆಂಡು ನೆಲಕ್ಕೆ ಚೆಲ್ಲಿದ ನೆರಳಿನ ಅಂಚು ಬುಡದಲ್ಲಿ ಗಟ್ಟಿ, ದೂರ ಹೋದಂತೆ ಮಸುಕು. ಮೃದು ಏರ್‌ಬ್ರಷ್ ಒಂದರಿಂದಲೇ ಎಲ್ಲವನ್ನೂ ತಿದ್ದಿದ ಚಿತ್ರದಲ್ಲಿ ಕಲ್ಲೂ ಮೂಗೂ ಹತ್ತಿಯಲ್ಲಿ ಮಾಡಿದಂತೆ ಕಾಣುತ್ತವೆ. ಗಟ್ಟಿ ಅಂಚಿನ ಗುಂಡು ಬ್ರಷ್‌ನಿಂದ ಆರಂಭಿಸಿ, ಬೇಕಾದ ಕಡೆ ಮಾತ್ರ ಅಂಚು ಕರಗಿಸುವುದು ಉತ್ತಮ ದಾರಿ. ಮೊದಲ ಹಂತದಲ್ಲಿ ಬ್ರಷ್ ದೊಡ್ಡದಿರಲಿ. ಇಡೀ ಚಿತ್ರದ ಬೆಳಕು ನೆಲೆಗೊಳ್ಳುವ ಮೊದಲೇ ರೆಪ್ಪೆಗೂದಲು ಬಿಡಿಸಲು ಕೂತರೆ ರಚನೆ ಕೆಡುತ್ತದೆ. ತೊಗಟೆ, ಗಾರೆ ಗೋಡೆಗಳಿಗೆ ಒರಟು ಬ್ರಷ್ ಸಹಾಯಕ್ಕೆ ಬರುತ್ತದೆ. ಎಲೆಯ ಆಕಾರದ ಬ್ರಷ್ ಮಾತ್ರ ಬೇಗ ಸಿಕ್ಕಿಬೀಳುತ್ತದೆ: ಒಂದೇ ಎಲೆ ಮತ್ತೆ ಮತ್ತೆ ಬಂದದ್ದನ್ನು ಕಣ್ಣು ತಕ್ಷಣ ಹಿಡಿಯುತ್ತದೆ. ಕೋನ, ಗಾತ್ರ, ಬಣ್ಣಗಳಿಗೆ ಏರಿಳಿತ ಕೊಟ್ಟು, ಮುಂದಿನ ಸಾಲಿನ ಎಲೆಗಳನ್ನು ಕೈಯಲ್ಲೇ ಬರೆಯಬೇಕು.

ಗಾತ್ರದ ಲೆಕ್ಕ ಪಿಕ್ಸೆಲ್‌ಗಳಲ್ಲಿ. ಮುದ್ರಣಕ್ಕೆಂದು 300 ಡಿಪಿಐಯಲ್ಲಿ ತೆರೆದ ಎ4 ಹಾಳೆ 2480 × 3508 ಪಿಕ್ಸೆಲ್ ಇರುತ್ತದೆ. ಸಣ್ಣ ಕ್ಯಾನ್ವಾಸ್‌ನಲ್ಲಿ ಅಗಲವೆನಿಸಿದ ಬ್ರಷ್ ಅಲ್ಲಿ ಕಡ್ಡಿಯಷ್ಟಾಗುತ್ತದೆ.

ಬೆರೆಸುವ ಬ್ರಷ್‌ಗಳ ಹಳೆಯ ಕೊರತೆ ಬಣ್ಣದ ಲೆಕ್ಕಾಚಾರದಲ್ಲಿತ್ತು. ನೀಲಿ ಹಳದಿ ಸೇರಿದರೆ ಹಸಿರಾಗುವುದು ಬಣ್ಣದ ಡಬ್ಬಿ ಹಿಡಿದ ಮಕ್ಕಳಿಗೂ ಗೊತ್ತು. ಆದರೆ ಪರದೆಯಲ್ಲಿ ಆ ಎರಡು ಬಣ್ಣಗಳ ಕೆಂಪು–ಹಸಿರು–ನೀಲಿ ಅಂಕಿಗಳ ಸರಾಸರಿ ತೆಗೆದರೆ ಸಿಗುವುದು ಬೂದು. ವರ್ಣದ್ರವ್ಯ ಬೆಳಕನ್ನು ಹೀರುವ, ಚದುರಿಸುವ ರೀತಿಗೆ ಕುಬೆಲ್ಕಾ ಮತ್ತು ಮುಂಕ್ 1931ರಲ್ಲಿ ಸೂತ್ರ ಕೊಟ್ಟಿದ್ದರು. ಅದನ್ನು ಆಧರಿಸಿ ಸೋಹೊರೊವಾ ಮತ್ತು ಯಾಮ್ರಿಶ್ಕಾ 2021ರಲ್ಲಿ ಪ್ರಕಟಿಸಿದ ಮಿಕ್ಸ್‌ಬಾಕ್ಸ್ ಎಂಬ ವಿಧಾನ ಪರದೆಯ ಮೇಲೂ ಹಸಿರನ್ನು ತರಿಸಿತು. ಡಿಜಿಟಲ್ ಬಣ್ಣಗಾರಿಕೆಗೆ ಇದು ನಿಜಕ್ಕೂ ದೊಡ್ಡ ಕೊಡುಗೆ.

ಕಲಾವಿದ ಡೇವಿಡ್ ಹಾಕ್ನಿ 2011ರಲ್ಲಿ ಇಂಗ್ಲೆಂಡಿನ ಪೂರ್ವ ಯಾರ್ಕ್‌ಷೈರ್‌ನ ವಸಂತವನ್ನು ಐಪ್ಯಾಡ್ ಮೇಲೆ ಬ್ರಷಸ್ ಎಂಬ ಆ್ಯಪ್‌ನಲ್ಲಿ ಚಿತ್ರಿಸಿದರು. ಒತ್ತಡ ಗುರುತಿಸುವ ಆ್ಯಪಲ್ ಪೆನ್ಸಿಲ್ ಆಗ ಇನ್ನೂ ಇರಲಿಲ್ಲ, ಅದು ಬಂದದ್ದು 2015ರಲ್ಲಿ. ಬ್ರಷ್ ಸಂಗ್ರಹ ಬೆಳೆಸುವುದಕ್ಕಿಂತ ನಾಲ್ಕೈದನ್ನು ಪಳಗಿಸಿಕೊಳ್ಳುವುದು ಮೇಲು ಎಂಬುದಕ್ಕೆ ಹಾಕ್ನಿಯವರ ಆ ಚಿತ್ರಗಳೇ ಸಾಕ್ಷಿ. ಸಂಗ್ರಹವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಒಯ್ಯುವುದೂ ಸಲೀಸಲ್ಲ: ಫೋಟೋಶಾಪ್‌ನ ಎಬಿಆರ್ ಕಡತವನ್ನು ಕ್ರಿಟಾದಲ್ಲಿ ತೆರೆದರೆ ಅಚ್ಚಿನ ಆಕಾರ ಮಾತ್ರ ಬರುತ್ತದೆ. ಒತ್ತಡ, ಏರಿಳಿತಗಳ ನಿಯಮಗಳನ್ನು ಕಲಾವಿದರೇ ಅಲ್ಲಿ ಮತ್ತೆ ಕೂಡಿಸಿಕೊಳ್ಳಬೇಕು.