ದಾವಣಗೆರೆಯ ವಿರಕ್ತಮಠವೂ ಹರ್ಡೇಕರ ಮಂಜಪ್ಪನವರೂ

ವೈಶಾಖ ಶುದ್ಧ ತದಿಗೆಯಂದು ನಾಡಿನ ಊರೂರುಗಳಲ್ಲಿ ನಡೆಯುವ ಬಸವ ಜಯಂತಿಯು ಪುರಾತನ ಕಾಲದಿಂದ ಬಂದ ಆಚರಣೆಯೆಂದೇ ಅನೇಕ ಭಕ್ತರು ಭಾವಿಸಿದ್ದಾರೆ. ನಮ್ಮ ಮೈಸೂರಿನ ಚಾಮರಾಜಪುರಂ ಬಡಾವಣೆಯ ವಿದ್ಯಾರ್ಥಿಗಳನ್ನು ಕೇಳಿದರೂ ಇದೇ ಉತ್ತರ ಬರುತ್ತದೆ. ವಸ್ತುಸ್ಥಿತಿ ಹಾಗಿಲ್ಲ. ಸಾರ್ವಜನಿಕ ಉತ್ಸವದ ರೂಪದಲ್ಲಿ ಅದು ಮೊದಲಾದದ್ದು 1913ರಲ್ಲಿ, ದಾವಣಗೆರೆಯ ವಿರಕ್ತಮಠದಲ್ಲಿ. ಅದಕ್ಕೆ ಕಾರಣರಾದವರು ಇಬ್ಬರು: ಆ ಮಠದ ಪೂಜ್ಯ ಶ್ರೀ ಮೃತ್ಯುಂಜಯ ಸ್ವಾಮಿಗಳು ಮತ್ತು ಆಗ ಇನ್ನೂ ಇಪ್ಪತ್ತೇಳರ ಹರೆಯದಲ್ಲಿದ್ದ ಹರ್ಡೇಕರ ಮಂಜಪ್ಪನವರು.

ಮಂಜಪ್ಪನವರು 1886ರಲ್ಲಿ ಬನವಾಸಿಯ ಒಂದು ಬಡ ಕುಟುಂಬದಲ್ಲಿ ಜನಿಸಿದರು. ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಶಿರಸಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಾದರು. ವಂಗಭಂಗದ ತರುವಾಯ ಸ್ವದೇಶಿ ಚಳವಳಿಯ ಬಿಸಿ ಕನ್ನಡ ನಾಡಿಗೂ ತಾಗಿದಾಗ, 1906ರಲ್ಲಿ, ಆ ನೌಕರಿಯನ್ನು ತ್ಯಜಿಸಿದರು. ಬಡವರ ಮನೆಯ ಹುಡುಗನೊಬ್ಬನಿಗೆ ಸರಕಾರಿ ಮಾಸ್ತರಿಕೆ ಎಂದರೇನೆಂಬುದನ್ನು, ಬಾಳಿನ ಬಹುಭಾಗವನ್ನು ಕರಿಹಲಗೆಯ ಮುಂದೆಯೇ ಕಳೆದ ಈ ಲೇಖಕನಿಗೆ ಯಾರೂ ವಿವರಿಸಬೇಕಾಗಿಲ್ಲ. ತಿಂಗಳ ಸಂಬಳ ಎಷ್ಟೇ ಅಲ್ಪವಾಗಿರಲಿ, ಅದು ಇಡೀ ಮನೆಯ ಆಧಾರಸ್ತಂಭ. ಅದನ್ನು ಬಿಟ್ಟು ಮುಂಬಯಿ ಆಧಿಪತ್ಯದ ಗಡಿಯನ್ನು ದಾಟಿ, ಮೈಸೂರು ಸಂಸ್ಥಾನಕ್ಕೆ ಸೇರಿದ್ದ ದಾವಣಗೆರೆಗೆ ಬಂದು, ಅವರು ‘ಧನುರ್ಧಾರಿ’ ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ಲೋಕಮಾನ್ಯ ತಿಲಕರ ‘ಕೇಸರಿ’ಯೇ ಅದರ ಸ್ಫೂರ್ತಿ.

ಎರಡೇ ವರ್ಷಗಳಲ್ಲಿ ಗಾಳಿಯ ದಿಕ್ಕು ಬದಲಾಯಿತು. 1908ರಲ್ಲಿ ತಿಲಕರಿಗೆ ಶಿಕ್ಷೆಯಾಯಿತು. ಅವರನ್ನು ಮಂಡಾಲೆಗೆ ಒಯ್ದರು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿ ವೃತ್ತಪತ್ರಿಕೆಗಳ ಕಾಯಿದೆ ಜಾರಿಗೆ ಬಂದು, ಸಂಪಾದಕರ ಕೈಗಳು ಕಟ್ಟಿಹೋದವು. ಉಗ್ರವಾಗಿ ಬರೆದರೆ ಪತ್ರಿಕೆ ಉಳಿಯದು, ಬರೆಯದಿದ್ದರೆ ಅದು ಇದ್ದೂ ಪ್ರಯೋಜನವಿಲ್ಲ. ಇಂಥ ಇಕ್ಕಟ್ಟಿನಲ್ಲಿದ್ದ ತರುಣನು ಮಠದ ಬಾಗಿಲಿಗೆ ಬಂದುದನ್ನು ಕೇವಲ ವೈರಾಗ್ಯದ ಫಲವೆಂದು ಬಣ್ಣಿಸುವುದು ಇತಿಹಾಸಕ್ಕೆ ನ್ಯಾಯವೆನಿಸದು. ಭಕ್ತಿ ಇತ್ತು, ಸಂದೇಹವಿಲ್ಲ. ಆದರೆ ಜನರೊಡನೆ ಮಾತನಾಡಲು ಒಂದು ನೆಲೆಯೂ ಬೇಕಾಗಿತ್ತು. 1911ರಲ್ಲಿ ವಿರಕ್ತಮಠದಲ್ಲಿ ಶ್ರಾವಣ ಮಾಸದ ಭಜನೆ, ಪ್ರವಚನಗಳು ಪ್ರಾರಂಭವಾದವು. ಎರಡು ವರ್ಷಗಳ ತರುವಾಯ ಅದೇ ಅಂಗಳದಲ್ಲಿ ಬಸವ ಜಯಂತಿ ನಡೆಯಿತು.

ಇದನ್ನು ಮಂಜಪ್ಪನವರೊಬ್ಬರ ಸಾಧನೆಯೆಂದು ಹೇಳುವ ರೂಢಿ ಬೆಳೆದಿದೆ. ಈ ಮಾತನ್ನು ನಾನು ಒಪ್ಪಲಾರೆ. ಪರ ಊರಿನಿಂದ ಬಂದ, ಆಸ್ತಿಯಿಲ್ಲದ, ಸರಕಾರದ ಕಣ್ಣಿಗೆ ಬೀಳಬಹುದಾದ ಪತ್ರಕರ್ತನೊಬ್ಬನಿಗೆ ಮಠದ ಅಂಗಳವನ್ನು ತೆರೆದುಕೊಡುವುದು ಅಂದಿನ ಪೀಠಾಧಿಪತಿಗಳಿಗೆ ಸುಲಭದ ಕಾರ್ಯವಾಗಿರಲಿಲ್ಲ. ಊರಿನ ವರ್ತಕರು, ಶೆಟ್ಟರು, ಹಿರಿಯರು ತರುಣನ ಮಾತಿಗೆ ಕಿವಿಗೊಟ್ಟದ್ದು ಅವನ ಹಿಂದೆ ಸ್ವಾಮಿಗಳಿದ್ದುದರಿಂದ. ಸ್ವಾಮಿಗಳಿಗಾದರೋ, ಪುರಾಣಶ್ರವಣಕ್ಕಷ್ಟೇ ಕೂಡುತ್ತಿದ್ದ ಭಕ್ತಸಮೂಹವನ್ನು ಆಚಾರಶುದ್ಧಿ, ವಿದ್ಯೆ, ಸ್ವದೇಶಿಗಳ ಕಡೆಗೆ ತಿರುಗಿಸಬಲ್ಲ ಒಬ್ಬ ಶಿಸ್ತಿನ ಕಾರ್ಯಕರ್ತ ದೊರೆತನು. ಒಬ್ಬರಿಗೆ ಸ್ಥಾವರದ ಬಲ, ಇನ್ನೊಬ್ಬರಿಗೆ ಜಂಗಮದ ಚಲನೆ ಎಂದರೆ ಸಲ್ಲುತ್ತದೆ. ಆದರೂ ವಚನಕಾರರ ಪರಿಭಾಷೆಯನ್ನು ಇಷ್ಟು ಸಲೀಸಾಗಿ ಬಳಸುವುದಕ್ಕೆ ನನಗೆ ಸಂಕೋಚವಿದೆ.

ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. 1913ರಲ್ಲಿ ಜಯಂತಿಗೆ ನೆರೆದ ಜನರ ಮನಸ್ಸಿನಲ್ಲಿದ್ದ ಬಸವಣ್ಣನವರು ಯಾರು? ಹರಿಹರನ ರಗಳೆಯ, 1369ರಲ್ಲಿ ಭೀಮಕವಿ ರಚಿಸಿದ ‘ಬಸವಪುರಾಣ’ದ ಬಸವಣ್ಣನವರು; ಪವಾಡಪುರುಷರು, ನಂದಿಯ ಅವತಾರ. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದದ್ದು 1923ರಲ್ಲಿ, ಅವರ ‘ಶಿವಾನುಭವ’ ಪತ್ರಿಕೆ 1926ರಲ್ಲಿ. ಎಂದರೆ ವಚನಗಳ ವಿಪುಲ ಪ್ರಕಟನೆಗೆ ಹತ್ತು ವರ್ಷ ಮೊದಲೇ ಬಸವಣ್ಣನವರನ್ನು ಸಮಾಜ ಸುಧಾರಕರನ್ನಾಗಿ ಜನರ ಮುಂದೆ ನಿಲ್ಲಿಸುವ ಪ್ರಯತ್ನ ನಡೆದಿತ್ತು. ವಚನಗಳನ್ನು ಓದಿ ಜಯಂತಿ ಹುಟ್ಟಲಿಲ್ಲ; ಜಯಂತಿಯು ವಚನಗಳ ಓದುಗರನ್ನು ಸಿದ್ಧಪಡಿಸಿತು. ತಿಲಕರು 1893ರಲ್ಲಿ ಗಣೇಶೋತ್ಸವವನ್ನೂ 1895ರ ಸುಮಾರಿಗೆ ಶಿವಾಜಿ ಉತ್ಸವವನ್ನೂ ಸಾರ್ವಜನಿಕಗೊಳಿಸಿದ ಮೇಲ್ಪಂಕ್ತಿ ಮಂಜಪ್ಪನವರ ಕಣ್ಣಮುಂದಿತ್ತು. ದೇವರ, ದೊರೆಯ ಸ್ಥಾನದಲ್ಲಿ ಶರಣನನ್ನು ಇರಿಸಿದ್ದು ದಾವಣಗೆರೆಯ ವಿಶೇಷ.

ಈ ಸಹಕಾರಕ್ಕೆ ತೆತ್ತ ಬೆಲೆಯೇನು ಎಂಬ ಪ್ರಶ್ನೆಯನ್ನು ಮರೆಮಾಚಬಾರದು. ಪತ್ರಿಕೆಯಲ್ಲಿ ಆಳುವವರನ್ನು ಪ್ರಶ್ನಿಸಬಯಸಿದ್ದ ತರುಣನು ಮಠದ ಸಭೆಯಲ್ಲಿ ಕೇಳುಗರ ಆಚರಣೆಯನ್ನು ಪ್ರಶ್ನಿಸತೊಡಗಿದನು. ಆಂಗ್ಲ ಪ್ರಭುತ್ವಕ್ಕೆ ಅದರಿಂದ ಒಡನೆ ಅಪಾಯವೇನೂ ಒದಗಲಿಲ್ಲ. ಹಾಗೆಂದು ಮಠವು ಅವನ ಕಾವನ್ನು ಆರಿಸಿತೆಂದೂ ಹೇಳಲಾಗದು. ಮುಂದೆ ಗಾಂಧೀಜಿಯವರ ಮಾರ್ಗ ಹಿಡಿದು, ಖಾದಿ ತೊಟ್ಟು, ‘ಕರ್ನಾಟಕದ ಗಾಂಧಿ’ ಎನಿಸಿಕೊಂಡದ್ದು, 1927ರಲ್ಲಿ ಆಲಮಟ್ಟಿಯಲ್ಲಿ ಆಶ್ರಮ ಕಟ್ಟಿದ್ದು ಇದೇ ಮಂಜಪ್ಪನವರು. ಅವರು ಬ್ರಹ್ಮಚಾರಿಯಾಗಿಯೇ ಉಳಿದರೂ ಕಾವಿ ಧರಿಸಲಿಲ್ಲ, ಪೀಠವೇರಲಿಲ್ಲ. ಈ ಅಂತರವನ್ನು ಉಳಿಸಿಕೊಂಡದ್ದರಿಂದಲೇ ಅವರ ಮಾತಿಗೆ ಮಠದ ಒಳಗೂ ಹೊರಗೂ ಬೆಲೆಯಿತ್ತೆಂದು ನನ್ನ ಎಣಿಕೆ. ಇಂದು ಮಠಗಳ ನೆರವು ಬಯಸಿ ಬರುವ ಯುವಕರಲ್ಲಿಯೂ, ಯುವಕರನ್ನು ಬರಮಾಡಿಕೊಳ್ಳುವ ಮಠಗಳಲ್ಲಿಯೂ ಈ ಅಂತರದ ಅರಿವು ವಿರಳವಾಗುತ್ತಿದೆ.

ಮೃತ್ಯುಂಜಯ ಸ್ವಾಮಿಗಳು ಧಾರವಾಡದ ಮುರುಘಾಮಠಕ್ಕೆ ಬಂದು, 1917ರಲ್ಲಿ ಅಲ್ಲಿ ಉಚಿತ ಪ್ರಸಾದ ನಿಲಯವನ್ನು ತೆರೆದರು. ದಾಸೋಹವೆಂಬ ಹಳೆಯ ತತ್ತ್ವವು ಹಳ್ಳಿಯ ಹುಡುಗನ ಕಾಲೇಜು ವಿದ್ಯಾಭ್ಯಾಸವಾಗಿ ಪರಿಣಮಿಸಿತು. ನಮ್ಮ ಮೈಸೂರಿನಲ್ಲಿ ಈ ಕಾರ್ಯ 1941ರಲ್ಲಿ ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳಿಂದ ನಡೆಯಿತು. ಆಗ ಪೂಜ್ಯರಿಗೆ ಕೇವಲ ಇಪ್ಪತ್ತೈದು ವರ್ಷ. ಇಲ್ಲಿ ಪೀಠಾಧಿಪತಿಗಳೇ ತರುಣರಾಗಿದ್ದರು.

2024ರ ಜನವರಿಯಲ್ಲಿ ಕರ್ನಾಟಕ ಸರಕಾರವು ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕನೆಂದು ಘೋಷಿಸಿತು. ಆ ಸಂದರ್ಭದ ಭಾಷಣಗಳಲ್ಲಿ ವಿರಕ್ತಮಠದ ಅಂಗಳದ ನೆನಪು ಎಷ್ಟು ಜನರಿಗೆ ಬಂದಿತೋ! ಮೆರವಣಿಗೆ ಅನೇಕ ಕಡೆ ಒಂದೇ ಸಮಾಜದವರ ಬಲಪ್ರದರ್ಶನವಾಗಿ ಕುಗ್ಗಿರುವುದನ್ನು ಕಂಡಾಗ, ಊರಿನವರೆಲ್ಲರ ಸಭೆಯಾಗಲೆಂದು ಅದನ್ನು ಮೊದಲಿಟ್ಟವರ ವಿಷಯ ಹೇಳಬೇಕೆನಿಸುತ್ತದೆ. ಮಂಜಪ್ಪನವರು 1947ರ ಜನವರಿಯಲ್ಲಿ ಲಿಂಗೈಕ್ಯರಾದರು. ಸ್ವಾತಂತ್ರ್ಯಕ್ಕೆ ಇನ್ನು ಏಳು ತಿಂಗಳಷ್ಟೇ ಉಳಿದಿತ್ತು.